ಮೊಬೈಲ್ ಗೇಮ್‌ಗೆ ಊರಿನ ಅಂಗಡಿಯ ಸ್ಪಾನ್ಸರ್: ಜೋಡಿಸುವುದು ಹೇಗೆ?

ನಿಜವಾದ ಜಾಗಗಳಿಗೆ ಹೋಗಿ ಆಡುವ ಮೊಬೈಲ್ ಗೇಮ್ ಪೋಕೆಮಾನ್ ಗೋ 2016ರಲ್ಲಿ ಬಂದಾಗ ಜಪಾನಿನ ಮೆಕ್‌ಡೊನಾಲ್ಡ್ಸ್ ಮಳಿಗೆಗಳೇ ಆಟದ ತಾಣಗಳಾದವು. ಅದೇ ಡಿಸೆಂಬರಿನಲ್ಲಿ ಭಾರತದ ಜಿಯೋ ಮಳಿಗೆಗಳೂ ಸೇರಿದವು. ಕಲಬುರಗಿಯಲ್ಲಿ ಗೇಮ್ ಮಾಡುವವರು ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ, ಮಿಠಾಯಿ ಅಂಗಡಿಗಳ ಜತೆ ಇದನ್ನೇ ಮಾಡಬಹುದು. ಜಾಸ್ತಿ ಮಂದಿ ಎಡವುವುದು ವೃತ್ತ ಎಳೆಯುವಾಗ, ಅಂದರೆ ಅಂಗಡಿಯ ಸುತ್ತ ಎಷ್ಟು ದೂರದೊಳಗೆ ಬಂದವರನ್ನು ಗೇಮ್ ಲೆಕ್ಕಕ್ಕೆ ಹಿಡಿಯಬೇಕೆಂದು ಗೊತ್ತು ಮಾಡುವಾಗ.

ಮೊದಲು ಅಂಗಡಿ ಗೊತ್ತು ಮಾಡಿ. ಎಷ್ಟು ದಿನ, ಏನು ಬಹುಮಾನ, ಒಬ್ಬ ಗಿರಾಕಿ ಬಂದರೆ ಎಷ್ಟು ದುಡ್ಡು ಎಂಬುದೆಲ್ಲ ಬರಹದಲ್ಲಿರಲಿ.

ಎರಡನೆಯದು ಪಿನ್. ಮನೆಯಲ್ಲಿ ಕೂತು ಮ್ಯಾಪ್‌ನಲ್ಲಿ ಹುಡುಕಬೇಡಿ. ಅಂಗಡಿ ಬಾಗಿಲಲ್ಲಿ ನಿಂತೇ ಗುರುತು ಹಾಕಿ.

ಮೂರನೆಯದು ವೃತ್ತ. "ನಮ್ಮ ಅಂಗಡಿ ಇಷ್ಟೇ ಅಗಲ, 10 ಮೀಟರ್ ಸಾಕು" ಅಂತಾರೆ ಅಂಗಡಿಯವರು. ಒಪ್ಪಬೇಡಿ. ಎರಡೂ ಕಡೆ ಕಟ್ಟಡ, ಮೇಲೆ ತಗಡು ಇರುವ ಗಲ್ಲಿಯಲ್ಲಿ ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ. ಗಲ್ಲಾದ ಮುಂದೆ ನಿಂತವರ ಚುಕ್ಕೆ ಹಿಂದಿನ ಓಣಿಯಲ್ಲಿ ಕಾಣುತ್ತದೆ. ಇಂಥ ವೃತ್ತದ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂಬುದು ಆಂಡ್ರಾಯ್ಡ್‌ನದೇ ಸಲಹೆ. ಆದರೆ ಅಷ್ಟು ದೊಡ್ಡ ವೃತ್ತದಲ್ಲಿ ಆಟೊದಲ್ಲಿ ಹಾದುಹೋದವರೂ ಲೆಕ್ಕಕ್ಕೆ ಬರುತ್ತಾರೆ, ಅಲ್ವಾ? ಅದಕ್ಕೇ ಒಳಗೆ ಬಂದ ಕೂಡಲೇ ಬಹುಮಾನ ಕೊಡಬೇಡಿ. ನಾಲ್ಕೈದು ನಿಮಿಷ ಅಲ್ಲೇ ಇದ್ದರೆ ಮಾತ್ರ ಕೂಪನ್ ತೆರೆಯಲಿ. ಅಂಗಡಿಯವರ ಫೋನಿನಲ್ಲಿರುವ ಕ್ಯೂಆರ್ ಸ್ಕ್ಯಾನ್ ಮಾಡಿದ ಮೇಲೇ ಅದು ಪಕ್ಕಾ ಆಗಲಿ. ಗೋಡೆಗೆ ಅಂಟಿಸಿದ ಕ್ಯೂಆರ್ ಬೇಡವೇ ಬೇಡ. ಸಂಜೆಯೊಳಗೆ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ನಿಮಿಷಕ್ಕೊಮ್ಮೆ ಬದಲಾಗುವ ಕೋಡ್ ಇಡಿ. ಸುಳ್ಳು ಲೊಕೇಶನ್ ತೋರಿಸುವ ಆ್ಯಪ್‌ಗಳಿಗೂ ಇದೇ ಮದ್ದು.

ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿಯ ಅಂಗಳ ವೃತ್ತದೊಳಗೆ ಬರಬಾರದು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಬಹುಮಾನವೂ ಬೇಡ. ನಮ್ಮ ಬಿಸಿಲು ಗೊತ್ತಲ್ಲ, ಸಂಜೆ ಐದರ ನಂತರ ಇಡಿ.

ಇನ್ನು ಪರ್ಮಿಷನ್. ಆ್ಯಪ್ ತೆರೆದಿದ್ದಾಗ ಮಾತ್ರ ಲೊಕೇಶನ್ ಕೇಳಿ. ಸಿದ್ಧ ಜಿಯೋಫೆನ್ಸ್ (ವೃತ್ತದೊಳಗೆ ಯಾರು ಬಂದರೆಂದು ಫೋನೇ ಗಮನಿಸುವ ಸೌಲಭ್ಯ) ಬಳಸಿದರೆ ಕೆಲಸ ಹಗುರ, ನಿಜ. ಆದರೆ ಆಂಡ್ರಾಯ್ಡ್ 10ರಿಂದ ಈಚೆಗೆ ಅದಕ್ಕೆ ಸದಾಕಾಲದ ಲೊಕೇಶನ್ ಪರ್ಮಿಷನ್ ಬೇಕು. ಸುಮ್ನೆ ಜನರ ಬೆನ್ನು ಹತ್ತುವುದೇಕೆ? ಪಿನ್‌ಗೆ ಎಷ್ಟು ದೂರ ಎಂದು ಗೇಮ್ ತೆರೆದಿದ್ದಾಗ ನೀವೇ ಲೆಕ್ಕ ಹಾಕಿ. ಆಂಡ್ರಾಯ್ಡ್ 12ರಿಂದ ಕೆಲವರು ಅಂದಾಜು ಲೊಕೇಶನ್ ಮಾತ್ರ ಕೊಡುತ್ತಾರೆ. ನಿಖರವಾದದ್ದು ಏಕೆ ಬೇಕೆಂದು ಅಂಥವರಿಗೆ ಒಂದು ಸಾಲಿನಲ್ಲಿ ತಿಳಿಸಿ.

ವಯಸ್ಸು ಕೇಳಲು ಮರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಜಾಡು ಹಿಡಿಯುವುದಕ್ಕೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದಕ್ಕೂ ಅದರಲ್ಲಿ ತಡೆಯಿದೆ.

ಕೊನೆಗೆ, ವಾರಕ್ಕೊಮ್ಮೆ ಅಂಗಡಿಯವರಿಗೆ ಲೆಕ್ಕ ಒಪ್ಪಿಸಿ: ಎಷ್ಟು ಜನ ಬಂದರು, ಎಷ್ಟು ಕೂಪನ್ ಖರ್ಚಾಯಿತು. ಆಟಗಾರರ ಹೆಸರು, ನಂಬರ್ ಕೇಳಿದರೆ ಕೊಡಬೇಡಿ.