ಆನೆಕಾಲು ರೋಗದ ಮಾತ್ರೆ: ಕೈಗೆ ಕೊಟ್ಟು ಬರಬೇಡಿ, ನುಂಗಿಸಿ ಬನ್ನಿ

ಯಾದಗಿರಿ ಕಡೆ ಮನೆಮನೆಗೆ ಆನೆಕಾಲು ಮಾತ್ರೆ ಹಂಚೋ ತಂಡಗಳ ಜೊತೆ ನಾನೂ ಸುತ್ತಿದ್ದೀನಿ, ಕೆಲಸ ಕೆಡೋದು ಬಾಗಿಲಲ್ಲೇ. ಮಾತ್ರೆ ಕೈಗಿಟ್ಟು, ರಿಜಿಸ್ಟರಲ್ಲಿ ಟಿಕ್ ಹಾಕಿ ಮುಂದಿನ ಮನೆಗೆ ಹೋಗ್ತಾರೆ. ಮಾತ್ರೆ ಗೂಡಲ್ಲೇ ಉಳಿಯುತ್ತೆ.

ಮೊದಲು ಮೂರು ಮಾತ್ರೆನೂ ಇದೆಯಾ ನೋಡ್ಕೊಳ್ಳಿ: ಡಿಇಸಿ, ಆಲ್ಬೆಂಡಜೋಲ್, ಐವರ್‌ಮೆಕ್ಟಿನ್. ಮೂರು ಯಾಕೆ ಅಂತ ಜನ ಕೇಳೇ ಕೇಳ್ತಾರೆ. ಪಪುವಾ ನ್ಯೂಗಿನಿಯ ಅಧ್ಯಯನ 2018ರಲ್ಲಿ ಬಂತು, ಅದರಲ್ಲಿ ಮೂರನ್ನೂ ಒಂದೇ ಸಲ ನುಂಗಿದವರ ಪೈಕಿ ವರ್ಷ ಕಳೆದ ಮೇಲೂ 96% ಜನರ ರಕ್ತದಲ್ಲಿ ಈ ರೋಗ ತರೋ ಹುಳದ ಮರಿಗಳು ಇರಲಿಲ್ಲ, ಐವರ್‌ಮೆಕ್ಟಿನ್ ಬಿಟ್ಟು ಎರಡೇ ತಗೊಂಡವರಲ್ಲಿ ಬರೀ 32%. ಇದು ಸುರಕ್ಷಿತವಾ ಅನ್ನೋದನ್ನ ಬೇರೆ ದೇಶಗಳ ಜೊತೆ ನಮ್ಮ ಯಾದಗಿರಿ ಜಿಲ್ಲೆಯಲ್ಲೂ ಪರೀಕ್ಷೆ ಮಾಡಿದಾರೆ. ಇದನ್ನ ಹೇಳಿ, ಪರದೇಶದ ಲೆಕ್ಕಕ್ಕಿಂತ ಪಕ್ಕದೂರಿನ ಮಾತನ್ನ ಜನ ಬೇಗ ನಂಬ್ತಾರೆ.

ಡಿಇಸಿ ವಯಸ್ಸಿನ ಲೆಕ್ಕ, ಐವರ್‌ಮೆಕ್ಟಿನ್ ಎತ್ತರದ ಲೆಕ್ಕ. ಅಳತೆಕೋಲು ಒಯ್ಯಿರಿ, ಕಣ್ಣಂದಾಜು ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀರಾ ಕಾಯಿಲೆ ಇರೋರಿಗೆ ಕೊಡಬಾರದು.

ಈಗ ನುಂಗಿಸೋದು. ಸಂಜೆ ಊಟ ಆದ್ಮೇಲೆ ಹೋಗಿ, ಹೊಲಕ್ಕೆ ಹೋದ ಗಂಡಸರೂ ಸಿಗ್ತಾರೆ, ಖಾಲಿ ಹೊಟ್ಟೆ ಅನ್ನೋ ಮಾತೂ ಬರಲ್ಲ. ನೀರು ನೀವೇ ಒಯ್ಯಿರಿ, ಮೊದಲ ಮಾತ್ರೆನ ಮನೆ ಹಿರಿಯರಿಗೇ ಕೊಡಿ, ಅವರು ನುಂಗಿದ್ರೆ ಉಳಿದವರು ತಾವಾಗೇ ಕೈ ಚಾಚ್ತಾರೆ. ಆಲ್ಬೆಂಡಜೋಲ್ ಅಗಿದು ತಿನ್ನಬೇಕು. "ನಮಗೆ ಕಾಲು ಊದಿಲ್ಲಲ್ಲ" ಅಂದ್ರೆ ವಾದಕ್ಕೆ ಇಳಿಬೇಡಿ, ಹುಳ ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿರುತ್ತೆ, ಮರಿಗಳು ರಾತ್ರಿ ಹೊತ್ತು ರಕ್ತಕ್ಕೆ ಬರ್ತಾವೆ, ಸೊಳ್ಳೆ ಅದನ್ನ ನಿಮ್ಮ ಮಗುಗೇ ಒಯ್ಯುತ್ತೆ ಅಂತ ಹೇಳಿ. ಜ್ವರ, ತಲೆನೋವು ಬರಬಹುದು ಅಂತ ಮುಂಚೆನೇ ಹೇಳಿಬಿಡಿ. ಹುಳ ಸಾಯೋದ್ರಿಂದ ಹಂಗಾಗುತ್ತೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಇದನ್ನ ಮುಚ್ಚಿಟ್ರೆ ಮುಂದಿನ ವರ್ಷ ಆ ಬೀದಿ ಪೂರ್ತಿ ಬಾಗಿಲು ತೆಗೆಯಲ್ಲ. ಗಂಟಲಿಂದ ಇಳಿದದ್ದು ಕಂಡ ಮೇಲೇ ಬೆರಳಿಗೆ ಗುರುತು ಹಾಕಿ.

ಬರೆಯೋದು ನುಂಗಿದವರ ಲೆಕ್ಕ ಮಾತ್ರ. ಊರಿನ ಒಟ್ಟು ಜನರಲ್ಲಿ ಕನಿಷ್ಠ 65% ನುಂಗಿರಬೇಕು, ಹಂಚಿದ್ದನ್ನೇ ಬರೆದ್ರೆ ರೋಗ ಹರಡ್ತಾನೇ ಇರುತ್ತೆ, ಕಾಗದದಲ್ಲಿ ಮಾತ್ರ ಊರು ಗೆದ್ದಿರುತ್ತೆ. ಮನೇಲಿ ಇಲ್ಲದವರ ಹೆಸರು ಬರೆದಿಟ್ಟು ಮತ್ತೆ ಹೋಗಿ.

ಕಾಲು ಆಗಲೇ ಊದಿರೋರು ಸಂತೇಲಿ ಮಾರೋ ಎಣ್ಣೆಗೆ ದುಡ್ಡು ಸುರಿಬೇಡಿ. ದಿನಾ ಸೋಪು ನೀರಲ್ಲಿ ತೊಳೆದು ಬೆರಳುಸಂದಿ ಮೆತ್ತಗೆ ಒರೆಸ್ಕೊಳ್ಳಿ, ಪದೇಪದೇ ಬರೋ ಜ್ವರ, ನೋವು ಕಮ್ಮಿ ಆಗುತ್ತೆ.