ಮೂರನೇ ಸುತ್ತಿನ ತಿದ್ದುಪಡಿಗೆ ‘ಐ ಡ್ರಾ ದ ಲೈನ್’: ನನ್ನ ಅನುಭವ

ಮಾಡಿಕೊಟ್ಟ ಡಿಸೈನ್‌ಗೆ ಮೂರನೇ ಸಲ ತಿದ್ದುಪಡಿ ಕೇಳಿದ ಕ್ಲೈಂಟ್‌ಗೆ ‘ಐ ಡ್ರಾ ದ ಲೈನ್’, ಅಂದರೆ ‘ಇದರಾಚೆ ನಾನು ಮಾಡುವುದಿಲ್ಲ’ ಎಂದು ಬರೆದರೆ, ಅವನು ಮಾರನೇ ದಿನವೇ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ ಅಂತ ಜೊತೆಯ ಡಿಸೈನರ್‌ಗಳೆಲ್ಲ ಹೇಳಿದ್ದರು. ಒಂದೂವರೆ ವರ್ಷ ಆಗುತ್ತ ಬಂತು. ಬಿಟ್ಟುಹೋದವರು ಹತ್ತರಲ್ಲಿ ಒಬ್ಬರು ಇರಬಹುದು, ಅವರೂ ಬಾಕಿ ಉಳಿಸಿಕೊಳ್ಳುವ ಗಿರಾಕಿಗಳೇ. ಮಿಕ್ಕವರು ಮೂರನೇ ಸುತ್ತಿಗೆ ಬೇರೆ ದುಡ್ಡು ಕೊಡುತ್ತಿದ್ದಾರೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ‘ಐ ವಿಲ್ ಟ್ರೈ’ ಅಂದರೆ ಅವರಿಗೆ ಅದು ಒಪ್ಪಿಗೆ. ‘ಎ ಬಿಟ್ ಬಿಜಿ’ ಅಂದರೆ ‘ಪರವಾಗಿಲ್ಲ, ಸೋಮವಾರ ಕೊಡಿ’. ‘ಸಾರಿ’ ಎಂದು ಶುರುವಾದ ಮೇಲ್‌ಗೆ ಚೌಕಾಸಿ ಗ್ಯಾರಂಟಿ. ರೋಸಿಹೋಗಿ ಒಮ್ಮೆ ‘ಎನಫ್ ಈಸ್ ಎನಫ್’ ಎಂದು ಕಳಿಸಿದೆ. ಆ ಬ್ರೋಷರ್‌ನ ಕೊನೆಯ ಕಂತು, ಒಟ್ಟು ಮೊತ್ತದ ಶೇ. 40ರಷ್ಟು, ಇವತ್ತಿಗೂ ಬಂದಿಲ್ಲ. ಅದಕ್ಕೂ ಮುಂಚಿನ ಒಂದು ಲೋಗೊ ಹನ್ನೊಂದೋ ಹನ್ನೆರಡೋ ಸುತ್ತು ಹೋಯಿತು. ಗಂಟೆಗೆ ಲೆಕ್ಕ ಹಾಕಿದರೆ ನನ್ನ ಮಾಮೂಲಿ ದರದ ಮೂರನೇ ಒಂದು ಪಾಲೂ ಗಿಟ್ಟಲಿಲ್ಲ.

ಕೊನೆಗೆ ಗೆದ್ದ ವಾಕ್ಯ ಇದು: ‘ಹ್ಯಾಪಿ ಟು ಅಡ್ಜಸ್ಟ್ ದ ಕಲರ್ಸ್, ಬಟ್ ಐ ಡ್ರಾ ದ ಲೈನ್ ಅಟ್ ರೀಡೂಯಿಂಗ್ ದ ಲೇಔಟ್.’ ಮೊದಲರ್ಧದಲ್ಲಿ ಏನಾದರೂ ಕೊಡಲೇಬೇಕು, ಬರೀ ನಿರಾಕರಣೆ ನಡೆಯುವುದಿಲ್ಲ. ‘ಅಟ್’ ಆದ ಮೇಲೆ ಕೆಲಸದ ಹೆಸರು ಬರಬೇಕು: ರೀಡೂಯಿಂಗ್, ಆ್ಯಡಿಂಗ್, ಹೀಗೆ. ವಾಕ್ಯದಲ್ಲಿ ‘ಯೂ’ ಎಲ್ಲೂ ಇಲ್ಲ, ನೋಡಿ. ಬೇಡ ಎಂದದ್ದು ಕೆಲಸಕ್ಕೆ, ಮನುಷ್ಯನಿಗಲ್ಲ. ನನ್ನ ಪ್ರಕಾರ ಇದು ನಾಟುವುದೇ ಅದಕ್ಕೆ. ಅದೇ ಮೇಲ್‌ನಲ್ಲಿ ಕೆಳಗೆ ಹೆಚ್ಚುವರಿ ಸುತ್ತಿನ ದರ, ಮೂಲ ಮೊತ್ತದ ಸುಮಾರು ಶೇ. 20. ದರ ಬರೆಯದೆ ಕಳಿಸಿದಾಗ ಅರ್ಧಕ್ಕರ್ಧ ಜನ ಮತ್ತೆ ವಾದಕ್ಕೆ ಬಂದರು. ಕೊಟೇಶನ್‌ನಲ್ಲಿ ಎರಡೇ ಸುತ್ತು ಎಂದು ಮೊದಲೇ ಇರಬೇಕು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ.

ಇದರ ಅಕ್ಕಪಕ್ಕದ ಮಾತುಗಳನ್ನೂ ಪ್ರಯೋಗಿಸಿ ನೋಡಿದೆ. ‘ಲೈನ್ ಇನ್ ದ ಸ್ಯಾಂಡ್’ ಬೆದರಿಕೆಯ ಹಾಗೆ ಕೇಳುತ್ತದೆ, ಬೇಡ. ‘ಡ್ರಾ ಎ ಲೈನ್ ಅಂಡರ್’ ಬೇರೆಯೇ ಮಾತು, ಆದದ್ದಾಯಿತು ಇಲ್ಲಿಗೆ ಬಿಡೋಣ ಎಂದು. ಗೆಳೆಯನೊಬ್ಬ ಬಾಕಿ ಕೇಳುವ ಮೇಲ್‌ನಲ್ಲಿ ಅದನ್ನು ಹಾಕಿದ್ದಕ್ಕೆ, ಕ್ಲೈಂಟ್ ಬಾಕಿ ಮನ್ನಾ ಆಯಿತೆಂದು ಥ್ಯಾಂಕ್ಸ್ ಹೇಳಿದ! ರಾತ್ರಿ ಫೋನ್‌ಗಳಿಗೆ ‘ಐ ಡ್ರಾ ದ ಲೈನ್ ಅಟ್ ಕಾಲ್ಸ್ ಆಫ್ಟರ್ ಏಯ್ಟ್’ ಚೆನ್ನಾಗಿ ಕೆಲಸ ಮಾಡಿತು. ಬಾಯಲ್ಲಿ ಹೇಳಿದರೆ ಮಾತ್ರ ದನಿ ಮೆತ್ತಗಾಗಿಬಿಡುತ್ತದೆ, ಬರೆದೇ ಕಳಿಸಬೇಕು.

ಈ ಮೇಲ್ ಯಾವ ಹೊತ್ತಿಗೆ ಕಳಿಸುತ್ತೇನೆ, ಎರಡನೇ ಸುತ್ತು ಮುಗಿದಾಗ ಯಾವ ಸಾಲು ಸೇರಿಸಿಡುತ್ತೇನೆ ಅನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಈಗ ವರ್ಷದ ಒಪ್ಪಂದದ ಹಳೇ ಕ್ಲೈಂಟ್‌ಗಳ ಮೇಲೆ ಪ್ರಯೋಗ ಶುರು ಮಾಡಿದ್ದೇನೆ. ಅಲ್ಲಿ ಸುತ್ತು ಎಣಿಸುವುದೇ ಕಷ್ಟ, ಹಾಗಾಗಿ ಗಂಟೆಗೆ ಗೆರೆ ಎಳೆಯುತ್ತಿದ್ದೇನೆ.