‘ಜಂಪ್’ ಕಲಿಸುವ ಮೊದಲು ‘ಓವರ್’, ‘ಆಫ್’ ಕಲಿಸಿದೆ: ನನ್ನ ಅನುಭವ

ಒಂದೇ ಕ್ರಿಯಾಪದಕ್ಕೆ ಹೆಚ್ಚು ಕಡಿಮೆ ಎರಡು ವಾರ ಕೊಡುವುದು ಕಾಲಹರಣವೆಂದು ನನ್ನ ಜೊತೆ ಇಂಗ್ಲಿಷ್ ಕಲಿಸುವ ಬಹುತೇಕರು ಹೇಳಿದ್ದರು. ಫಲಿತಾಂಶ ಕಣ್ಣೆದುರಿಗಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಸುಮಾರು 30 ಮಂದಿ ವಯಸ್ಕರಿರುವ ತರಗತಿಯಲ್ಲಿ ಮೊದಲು ‘ಜಂಪ್’ ಬಳಸಿ ಸರಿಯಾದ ವಾಕ್ಯ ಬರೆಯುತ್ತಿದ್ದವರು ಐದಾರು ಮಂದಿ. ಈಗ ಇಪ್ಪತ್ತಕ್ಕೂ ಹೆಚ್ಚು ಮಂದಿ ತಡವರಿಸದೆ ಬರೆಯುತ್ತಾರೆ.

ಪದದ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ. ತೊಡಕಿದ್ದದ್ದು ಅದರ ಬೆನ್ನಿಗೆ ಬರುವ ಪ್ರಿಪೊಸಿಷನ್‌ನಲ್ಲಿ. ‘ನೀರಿಗೆ ಹಾರಿದ’ ಎಂಬುದು ಅವರ ಕೈಯಲ್ಲಿ ‘ಹಿ ಜಂಪ್ಟ್ ಟು ದ ವಾಟರ್’ ಆಗುತ್ತಿತ್ತು, ಏಕೆಂದರೆ ನಮ್ಮ ಚತುರ್ಥಿ ವಿಭಕ್ತಿ ಕಂಡಲ್ಲೆಲ್ಲ ‘ಟು’ ಇಡುವುದು ಅವರಿಗೆ ಶಾಲೆಯಿಂದಲೇ ಬಂದ ಅಭ್ಯಾಸ. ‘ಜಂಪ್ ಮಾಡಿದೆ’ ಎನ್ನುವ ರೂಢಿಯಿಂದ ‘ಐ ಡಿಡ್ ಜಂಪ್’ ಹುಟ್ಟುತ್ತಿತ್ತು. ಹಾರುವುದೂ ಜಿಗಿಯುವುದೂ ನಮಗೆ ಹಲವೆಡೆ ಒಂದೇ ಆದ್ದರಿಂದ, ಗೂಡಿನಿಂದ ಹಾರಿಹೋದ ಹಕ್ಕಿಯನ್ನೂ ‘ಜಂಪ್’ ಮಾಡಿಸಿದವರಿದ್ದರು.

ಮೊದಲು ಬಣ್ಣದ ಚಿತ್ರಪಟಗಳನ್ನು ಮಾಡಿಸಿದೆ. ಒಳ್ಳೆಯ ದಪ್ಪ ಹಾಳೆಯಲ್ಲಿ ಮುದ್ರಿಸಿ, ಲ್ಯಾಮಿನೇಷನ್ ಹಾಕಿಸುವಷ್ಟರಲ್ಲಿ ಆ ತಂಡದಿಂದ ಬಂದ ಶುಲ್ಕದ ಮೂರನೇ ಒಂದು ಭಾಗದಷ್ಟು ಅದಕ್ಕೇ ಕರಗಿತು. ಬೇಲಿಯ ಮೇಲೆ ಗಾಳಿಯಲ್ಲಿರುವ ಹುಡುಗನ ಚಿತ್ರ ತೋರಿಸಿದರೆ ಒಬ್ಬರು ‘ಓವರ್’ ಎಂದರು, ಇನ್ನೊಬ್ಬರು ‘ಆಫ್’ ಎಂದರು, ಮತ್ತೊಬ್ಬರು ‘ಆನ್‌ಟು’ ಎಂದು ವಾದಿಸಿದರು, ಮತ್ತು ಮೂವರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ನಿಂತ ಚಿತ್ರದಲ್ಲಿ ಅವನು ಎಲ್ಲಿಂದ ಹೊರಟ, ಎಲ್ಲಿಗೆ ಇಳಿಯುತ್ತಾನೆ ಎಂಬ ಎರಡೂ ಕಾಣುವುದಿಲ್ಲ. ಆಮೇಲೆ ಹಣ ಕೊಟ್ಟು ತರಿಸಿದ ಧ್ವನಿಪಾಠಗಳೂ ಕೈಕೊಟ್ಟವು. ವೇಗವಾಗಿ ನುಡಿದಾಗ ‘ಜಂಪ್ಟ್ ಡೌನ್’ ಎಂಬಲ್ಲಿ ಕ್ರಿಯಾಪದದ ಕೊನೆಯ ಧ್ವನಿ ಕರಗಿಹೋಗುತ್ತದೆ, ಆದ್ದರಿಂದ ಉಕ್ತಲೇಖನದಲ್ಲಿ ಎಲ್ಲರೂ ವರ್ತಮಾನಕಾಲವನ್ನೇ ಬರೆದಿಟ್ಟರು.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಅಳಿಸುವ ರಬ್ಬರ್, ಒಂದು ದಪ್ಪ ಪುಸ್ತಕ ಮತ್ತು ಮುಚ್ಚಳವಿಲ್ಲದ ಒಂದು ಪೆಟ್ಟಿಗೆ. ವಯಸ್ಕರು ತರಗತಿಯಲ್ಲಿ ತಾವೇ ಕುಪ್ಪಳಿಸಲು ನಾಚುತ್ತಾರೆ, ರಬ್ಬರನ್ನು ಜಿಗಿಸಲು ನಾಚುವುದಿಲ್ಲ. ಮೊದಲ ಮೂರು ನಾಲ್ಕು ದಿನ ‘ಜಂಪ್’ ಎಂಬ ಪದವನ್ನೇ ಬಾಯಿಗೆ ತರಗೊಡಲಿಲ್ಲ. ಒಬ್ಬರು ಮೇಜಿನ ಮೇಲೆ ರಬ್ಬರನ್ನು ಜಿಗಿಸಬೇಕು, ಎದುರಿನವರು ದಾರಿಯನ್ನು ಮಾತ್ರ ಹೇಳಬೇಕು: ಪುಸ್ತಕವನ್ನು ದಾಟಿ ಆಚೆ ಬಿದ್ದರೆ ‘ಓವರ್’, ಅದರ ಮೇಲೆ ಬಂದು ಕುಳಿತರೆ ‘ಆನ್‌ಟು’, ಅಲ್ಲಿಂದ ಮೇಜಿಗೆ ಇಳಿದರೆ ‘ಆಫ್’, ಪೆಟ್ಟಿಗೆಗೆ ಬಿದ್ದರೆ ‘ಇನ್‌ಟು’, ಹೊರಬಂದರೆ ‘ಔಟ್ ಆಫ್’. ಹೇಳುವವರ ಕಣ್ಣು ರಬ್ಬರ್ ಇಳಿಯುವ ಜಾಗದಲ್ಲಿರುತ್ತದೆಯೇ ಹೊರತು ಕನ್ನಡದ ವಿಭಕ್ತಿಯಲ್ಲಿರುವುದಿಲ್ಲ. ದಾರಿ ಬಾಯಿಗೆ ಹತ್ತಿದ ಮೇಲೆ ಕ್ರಿಯಾಪದವನ್ನು ಅದರ ಮುಂದೆ ಜೋಡಿಸಿದರೆ ವಾಕ್ಯ ತಾನಾಗಿ ನಿಲ್ಲುತ್ತದೆ. ಯಾವ ದಾರಿಯ ನಂತರ ಯಾವುದನ್ನು ಕೊಡಬೇಕು ಎಂಬ ಅನುಕ್ರಮವನ್ನು ಕುದುರಿಸಲು ನನಗೆ ಬಹಳ ಕಾಲ ಹಿಡಿಯಿತು. ಮೇಲೆ ಹೇಳಿದ ಕ್ರಮ ಅದಲ್ಲ, ಅದನ್ನು ಇಲ್ಲಿ ಬಿಚ್ಚಿಡುವುದೂ ಇಲ್ಲ.

ಭೂತಕಾಲಕ್ಕೆ ಹೆಚ್ಚು ಹೆಣಗಬೇಕಾಗಲಿಲ್ಲ. ‘ಸ್ಟಾಪ್’, ‘ಹೆಲ್ಪ್’ ಜೊತೆ ಸೇರಿಸಿ ಹೇಳಿಸಿದರೆ ‘ಜಂಪೆಡ್’ ಎಂಬ ಉಚ್ಚಾರ ಒಂದೆರಡು ದಿನದಲ್ಲಿ ಬಿಟ್ಟುಹೋಗುತ್ತದೆ. ಏಕವಚನದ ‘ಎಸ್’ ಮರೆಯುವವರಿಗೆ ಮಾತ್ರ ಬೇರೊಂದು ಪ್ರಯೋಗ ಮಾಡಿದೆ. ಟೈಪಿಂಗ್ ಅಭ್ಯಾಸಕ್ಕೆ ಕೊಡುವ ‘ದ ಕ್ವಿಕ್ ಬ್ರೌನ್ ಫಾಕ್ಸ್ ಜಂಪ್ಸ್ ಓವರ್ ದ ಲೇಜಿ ಡಾಗ್’ ವಾಕ್ಯವನ್ನು ಬರೆಸಿ, ಇಂಗ್ಲಿಷಿನ 26 ಅಕ್ಷರಗಳೂ ಅದರಲ್ಲಿವೆಯೇ ಎಂದು ಒಂದೊಂದಾಗಿ ಗುರುತು ಹಾಕಿಸಿದೆ. ‘ಜಂಪ್’ ಎಂದು ಬರೆದವರಿಗೂ ‘ಜಂಪ್ಟ್’ ಎಂದು ಬರೆದವರಿಗೂ 25 ಮಾತ್ರ ಸಿಕ್ಕವು, ಏಕೆಂದರೆ ಇಡೀ ವಾಕ್ಯದಲ್ಲಿ ‘ಎಸ್’ ಇರುವುದು ಆ ಕ್ರಿಯಾಪದದ ತುದಿಯಲ್ಲಿ ಮಾತ್ರ. ಅಂದಿನಿಂದ ಅದನ್ನು ಬಿಟ್ಟು ಬರೆದವರು ಅಪರೂಪ. ‘ಹಾಪ್’, ‘ಲೀಪ್’, ‘ಸ್ಕಿಪ್’ ಮೂರನ್ನೂ ಇದರೊಳಗೆ ಬೆರೆಸಲು ಹೋದದ್ದು ಮಾತ್ರ ಫಲ ಕೊಡಲಿಲ್ಲ. ಒಂಟಿಗಾಲಿನದು ‘ಹಾಪ್’ ಎಂಬಷ್ಟು ಉಳಿಯಿತು, ಮಿಕ್ಕದ್ದು ಕಲಸುಮೇಲೋಗರವಾಯಿತು.

‘ಟು’ವನ್ನು ಅಷ್ಟು ಕಷ್ಟಪಟ್ಟು ಓಡಿಸಿದ ಮೇಲೆ ಅದನ್ನೇ ಮತ್ತೆ ಕರೆತರಬೇಕಾಗುತ್ತದೆ. ನೀರು, ಗುಂಡಿ, ಪೆಟ್ಟಿಗೆಗಳಾದರೆ ‘ಇನ್‌ಟು’; ಪುಟ, ಸಂಖ್ಯೆ, ತೀರ್ಮಾನಗಳಾದರೆ ‘ಟು’. ಬೆಲೆ 40ರಿಂದ 50ಕ್ಕೆ ಜಿಗಿದರೆ ‘ಜಂಪ್ಟ್ ಟು ಫಿಫ್ಟಿ’ ಎಂದೂ ಹೇಳಬಹುದು, ‘ಜಂಪ್ಟ್ ಬೈ ಟೆನ್’ ಎಂದೂ ಹೇಳಬಹುದು, ಆದರೆ ‘ಟು ಟೆನ್’ ಎಂದರೆ ಲೆಕ್ಕವೇ ತಲೆಕೆಳಗು. ಪೂರ್ವಾಪರ ನೋಡದೆ ನಿರ್ಧಾರಕ್ಕೆ ಬರುವುದನ್ನು ‘ಜಂಪ್ ಟು ಕನ್‌ಕ್ಲೂಷನ್ಸ್’ ಎನ್ನುವುದೂ ಇಲ್ಲಿಯೇ ಸೇರುತ್ತದೆ. ಸಾಲು ಮುರಿಯುವ ‘ಜಂಪ್ ದ ಕ್ಯೂ’, ಪಿಸ್ತೂಲಿನ ಸದ್ದಿಗೆ ಮೊದಲೇ ಓಡುವ ‘ಜಂಪ್ ದ ಗನ್’ ಎಂಬ ಪ್ರಿಪೊಸಿಷನ್ ಇಲ್ಲದ ಪ್ರಯೋಗಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಂಡರೆ ಸಾಕು. ಕೆಂಪುದೀಪ ಲೆಕ್ಕಿಸದೆ ಹೋಗುವುದಕ್ಕೆ ಬ್ರಿಟಿಷರು ‘ಜಂಪ್’ ಎಂದರೆ ಅಮೆರಿಕನ್ನರು ‘ರನ್’ ಎನ್ನುತ್ತಾರೆ. ‘ಸಿಗ್ನಲ್ ಜಂಪ್’ ನಮ್ಮವರಿಗೆ ಮೊದಲೇ ಬಾಯಿಪಾಠವಾದ್ದರಿಂದ ಅಲ್ಲಿ ಶ್ರಮವೇ ಇಲ್ಲ.

ಅಂದು ಕಾಲಹರಣವೆಂದವರಲ್ಲಿ ಇಬ್ಬರು ಈಗ ರಬ್ಬರ್, ಪೆಟ್ಟಿಗೆ ಹಿಡಿದಿದ್ದಾರೆ. ಸದ್ಯ ಇದೇ ವಿಧಾನವನ್ನು ‘ಫಾಲ್’ಗೆ ಹಚ್ಚಿ ನೋಡುತ್ತಿದ್ದೇನೆ. ‘ಆಫ್’, ‘ಇನ್‌ಟು’ ಎರಡೂ ಸಲೀಸಾಗಿ ಬಂದವು. ಆದರೆ ‘ಫಾಲ್ ಓವರ್’ ಎಂದರೆ ಏನನ್ನೂ ದಾಟದೆ ನಿಂತಲ್ಲೇ ಉರುಳುವುದೂ ಆಗುತ್ತದಾದ್ದರಿಂದ, ಅದಕ್ಕೆ ರಬ್ಬರಿನ ಬದಲು ನೆಟ್ಟಗೆ ನಿಲ್ಲುವ ಬೇರೊಂದು ವಸ್ತುವನ್ನು ಹುಡುಕಬೇಕಾಗಿದೆ.